ಮೊದಲು ಕಂಡದ್ದು ಹೇಳು, ಮಗಾ

ಮೆಟ್ಟುಗತ್ತಿಯ ಮುಂದೆ ಕೂತವಳು ಕಣ್ಣು ಆಚೀಚೆ ಮಾಡುವ ಹಾಗಿಲ್ಲ. ಕತ್ತಿಯ ಬಾಯಿಗೆ ಬೆರಳೂ ಒಂದೇ, ಅಡಿಕೆಯೂ ಒಂದೇ. ಹಾಗಾಗಿ ಕಳೆದ ಕೊಯ್ಲಿನಲ್ಲಿ ಮೊಮ್ಮಗ ಮೊಬೈಲನ್ನು ಅಡಿಕೆ ಬುಟ್ಟಿಗೆ ಒರಗಿಸಿ, "ಅಜ್ಜಿ, ಈ ಅನಿಮೆ ನೀನು ನೋಡ್ಲೇಬೇಕು, ಮಾಸ್ಟರ್‌ಪೀಸು" ಎಂದಾಗ, "ನನಗೆ ನೋಡಲಿಕ್ಕಾಗದು, ನೀನು ನೋಡಿ ಹೇಳು" ಎಂದೆ.

"ಹೇಳೋದು ಏನು? ಹತ್ತಕ್ಕೆ ಹತ್ತು. ಸೈ-ಫೈ ಅಂದ್ರೆ ಇದು."

"ಅದು ನೀನು ಕೊಟ್ಟ ಅಂಕ. ಅದರಲ್ಲಿ ಏನಿದೆ ಅಂತ ಕೇಳಿದ್ದು ನಾನು."

ಹುಡುಗ ಬಾಯಿ ತೆರೆದ, ಮುಚ್ಚಿದ. ಒಂದು ಅಡಿಕೆ ಎತ್ತಿ ತಿರುಗಿಸಿ ನೋಡಿದ. ಕೊನೆಗೆ, "ತುಂಬಾ ಡೀಪ್ ಇದೆ ಅಜ್ಜಿ" ಎಂದ.

ಲಿಂಗನಮಕ್ಕಿಯೂ ಡೀಪ್ ಇದೆ ಮಗಾ. ಎಷ್ಟು ಆಳ, ಅಡಿಯಲ್ಲಿ ಏನು ಮುಳುಗಿದೆ ಎಂದು ಹೇಳಿದರೆ ತಾನೇ ಕೇಳಿದವರಿಗೆ ಗೊತ್ತಾಗುವುದು?

ಈ ಮಾತು ಅವನೊಬ್ಬನಿಗೆ ಅಲ್ಲ. ಸಾಗರದಲ್ಲಿ ಕಾಲೇಜು ಬಿಟ್ಟ ಮೇಲೆ ಗೆಳೆಯರ ಜೊತೆ ನಿಂತು ಯಾವ ಅನಿಮೆ ದೊಡ್ಡದು ಎಂದು ಗಂಟಲು ಹರಿದುಕೊಳ್ಳುವ ನಿನಗೂ ಇದು. ಹೊಸನಗರದ ಬಸ್ಸಿನ ಕಿಟಕಿಗೆ ತಲೆ ಕೊಟ್ಟು, ಇಯರ್‌ಫೋನ್ ಹಾಕಿಕೊಂಡು, ಇಳಿಯುವ ಊರು ದಾಟಿದರೂ ಗೊತ್ತಾಗದೆ ಕೂರುವ ನಿನಗೂ ಇದು. ತೀರ್ಥಹಳ್ಳಿಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಸೀಸನ್ ಮುಗಿಸುವ ನಿನಗೂ ಇದು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಜಪಾನಿನವರು ಬರೆದ ಚಿತ್ರ ನೋಡಿ ಮಲೆನಾಡಿನ ಮಗು ರಾತ್ರಿ ನಿದ್ದೆಗೆಡುತ್ತದೆ ಎಂದರೆ ಅದರ ಎದೆ ಚುರುಕಾಗಿದೆ ಎಂದೇ ಲೆಕ್ಕ. ಆದರೆ ನಿನ್ನ ನಾಲಿಗೆ ಕಣ್ಣಿಗಿಂತ ಮುಂದೆ ಓಡುತ್ತದೆ. ಅದಕ್ಕೊಂದು ಲಗಾಮು ಹಾಕಬೇಕು.

ಜಪಾನಿನ ಚಿತ್ರವನ್ನು ಈ ಸೀಮೆಗೆ ತಂದವರು ನೀವೇ ಎಂದು ತಿಳಿದಿದ್ದೀಯ ಅಲ್ಲವೇ? 1973ರಲ್ಲಿ ಹೆಗ್ಗೋಡಿನ ನೀನಾಸಮ್ ಒಂದು ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಮಧ್ಯೆ ಪರದೆ ಕಟ್ಟಿಸಿ ಸತ್ಯಜಿತ್ ರೇ, ಕುರೊಸಾವಾ ಎಲ್ಲರ ಚಿತ್ರಗಳನ್ನೂ ತರಿಸಿಕೊಂಡರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನವರಿಗೆ ಆಶ್ಚರ್ಯ. ನಮಗೆ ಆಶ್ಚರ್ಯವಾಗಲಿಲ್ಲ, ನಾವು ಚಾಪೆ ಹಾಸಿಕೊಂಡು ಕೂತು ನೋಡಿದವರು.

‘ರಾಶೋಮನ್’ ನೋಡಿದ ರಾತ್ರಿ ನನಗೆ ಇನ್ನೂ ನೆನಪಿದೆ. 1950ರ ಚಿತ್ರ. ಒಂದು ಕೊಲೆ, ನಾಲ್ಕು ಜನ ನಾಲ್ಕು ಥರ ಹೇಳುತ್ತಾರೆ, ಅವರಲ್ಲೊಬ್ಬ ಸೌದೆ ಕಡಿಯುವವ. ಮುರಿದ ಹೆಬ್ಬಾಗಿಲಿನ ಮೇಲೆ ನಮ್ಮ ಆಗುಂಬೆಯದೇ ಅನ್ನಿಸುವ ಮಳೆ. ಚಿತ್ರ ಮುಗಿದ ಮೇಲೆ ಮಾತುಕತೆ ಶುರುವಾಯಿತು. ಓದಿಕೊಂಡವರು ಒಬ್ಬರಾದ ಮೇಲೊಬ್ಬರು ಎದ್ದು ಸತ್ಯ ಎಂದರೇನು, ಮಾಯೆ ಎಂದರೇನು ಎಂದರು. ನಾನೂ ಆಗ ಹೊಸದಾಗಿ ಬಿ.ಎಸ್ಸಿ. ಮುಗಿಸಿದವಳು, ಐನ್‌ಸ್ಟೀನನ ಹೆಸರು ಎತ್ತಿ ಎರಡು ಮಾತು ಸೇರಿಸಿದೆ. ಆಮೇಲೆ ನಮ್ಮ ಕೇರಿಯ ಕೊನೆ ಕೊಯ್ಯುವವರೊಬ್ಬರು ಕೂತಲ್ಲಿಂದಲೇ ಹೇಳಿದರು: "ಆ ಸೌದೆಯವ ಹೆಗಲ ಮೇಲೆ ಕೊಡಲಿ ಹೊತ್ಕಂಡು ಅಷ್ಟು ದೂರ ಕಾಡಲ್ಲಿ ನಡೆದ. ಬಿಸಿಲಿಗೆ ಕೊಡಲಿ ಮಿಂಚ್ತಾ ಇತ್ತು. ಒಂದು ಕೊಂಬೆ ಕಡೀಲಿಲ್ಲ. ನಂಗೆ ಆಗ್ಲೇ ಅನುಮಾನ ಬಂತು."

ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಸೌದೆಯವನು ಕೊಲೆ ನಡೆದ ಜಾಗದ ಬಾಕುವಿನ ವಿಷಯ ಮುಚ್ಚಿಟ್ಟಿದ್ದಾನೆ ಎಂಬುದು ಚಿತ್ರದ ಕೊನೆಯಲ್ಲಿ ಬಯಲಾಗುತ್ತದೆ. ನಾವೆಲ್ಲ ಅದನ್ನು ಕೊನೆಯಲ್ಲಿ ಬೇರೆಯವರ ಬಾಯಿಂದ ಕೇಳಿ ತಿಳಿದೆವು. ಅವರು ಶುರುವಿನಲ್ಲೇ ಕೊಡಲಿ ನೋಡಿ ತಿಳಿದಿದ್ದರು. ಮರದ ಜೊತೆ ಬದುಕಿದವರ ಕಣ್ಣು ಅದು. ಐವತ್ತು ವರ್ಷವಾಯಿತು, ಅವತ್ತಿನ ನನ್ನ ಐನ್‌ಸ್ಟೀನ್ ಯಾರಿಗೂ ನೆನಪಿಲ್ಲ. ಕೊಡಲಿ ಮಾತ್ರ ಇವತ್ತಿಗೂ ನನ್ನ ಕಣ್ಣ ಮುಂದೆ ಮಿಂಚುತ್ತದೆ.

ಇದನ್ನು ಮೊಮ್ಮಗನಿಗೆ ಹೇಳಿ, "ಈಗ ಹೇಳು, ನಿನ್ನ ಮಾಸ್ಟರ್‌ಪೀಸಿನಲ್ಲಿ ಕೊಡಲಿ ಎಲ್ಲಿದೆ?" ಎಂದೆ. ಅವನು ತೋರಿಸಲು ತಂದದ್ದು ‘ಪ್ಲೂಟೋ’, 2023ರದ್ದು, ಎಂಟು ಕಂತು. ತೆಜುಕಾ ಒಸಾಮು ಅರವತ್ತರ ದಶಕದಲ್ಲಿ ಮಕ್ಕಳಿಗೆ ಬರೆದ ‘ಆಸ್ಟ್ರೋ ಬಾಯ್’ ಕಥೆಯೊಂದನ್ನು ಉರಾಸಾವಾ ನವೋಕಿ ದೊಡ್ಡವರಿಗಾಗಿ ಮತ್ತೆ ಹೇಳಿದ್ದಾರೆ. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, ಈ ಸಲ ಅಂಕ ಕೊಡದೆ ಹೇಳಿದ.

ಸ್ಕಾಟ್ಲೆಂಡಿನಲ್ಲಿ ಒಂದು ದೊಡ್ಡ ಹಳೇ ಮನೆ. ಕಣ್ಣು ಕಾಣದ ಒಬ್ಬ ಮುದುಕ, ಸಂಗೀತಗಾರ, ಮಹಾ ಸಿಡುಕ. ಮನೆಗೆಲಸಕ್ಕೆ ಒಂದು ರೋಬೋ ಬರುತ್ತದೆ, ಹೆಸರು ನಾರ್ತ್ ನಂಬರ್ 2. ಮೈತುಂಬ ಒಂದು ನಿಲುವಂಗಿ. ಅದರೊಳಗಿರುವುದು ಬರೀ ಆಯುಧ, ಯುದ್ಧದಲ್ಲಿ ತನ್ನಂಥ ಲೆಕ್ಕವಿಲ್ಲದಷ್ಟು ರೋಬೋಗಳನ್ನು ಪುಡಿಮಾಡಿ ಬಂದದ್ದು. ಅದಕ್ಕೆ ಈಗ ಪಿಯಾನೋ ಕಲಿಯುವ ಆಸೆ. ಕೊಲ್ಲಲು ಹುಟ್ಟಿದ ಯಂತ್ರಕ್ಕೆಂಥ ಸಂಗೀತ ಎಂದು ಮುದುಕ ಬೈದು ಅಟ್ಟುತ್ತಾನೆ. ಅದು ಮತ್ತೆ ಬಂದು ಕೂರುತ್ತದೆ. ಅಂತೂ ಮುದುಕನ ಮನಸ್ಸು ಕರಗುವ ಹೊತ್ತಿಗೆ ಆಕಾಶದಲ್ಲಿ ಏನೋ ಬಂದಿದೆ. ರೋಬೋ ಅದನ್ನು ಎದುರಿಸಲು ಹಾರಿ ಹೋಗುತ್ತದೆ. "ಅಜ್ಜಿ, ಮುದುಕನಿಗೆ ಕಣ್ಣು ಕಾಣ್ಸಲ್ವಲ್ಲ. ಮೋಡದ ಮೇಲಿಂದ ಅದು ಹಾಡೋದು ಮಾತ್ರ ಕೇಳ್ಸುತ್ತೆ. ಆಮೇಲೆ ಸ್ಫೋಟದ ಸದ್ದು. ಮುದುಕ ಅಲ್ಲೇ ನಿಂತ್ಕೊಂಡು ಅದನ್ನ ಪಿಯಾನೋಗೆ ಬಾ ಅಂತ ಕರೀತಾನೆ."

ನನ್ನ ಕೈಯಲ್ಲಿದ್ದ ಅಡಿಕೆ ಕೈಯಲ್ಲೇ ಉಳಿಯಿತು. ನೋಡಿದೆಯಾ ಮಗಾ? ಡೀಪ್ ಎಂಬ ಮಾತೇ ಬರಲಿಲ್ಲ. ಆದರೂ ಎಷ್ಟು ಆಳ ಎಂದು ನನಗೆ ತಿಳಿಯಿತು. ಅವತ್ತು ರಾತ್ರಿ ಊಟವಾದ ಮೇಲೆ ನಾನೇ ಮೊಬೈಲು ಕೇಳಿ ಇಸಿದುಕೊಂಡು ನೋಡಿದೆ.

ನಮ್ಮ ಕಡೆ ಅಪ್ಪೆಮಿಡಿಯ ಬಗ್ಗೆ ಹೇಗೆ ಮಾತಾಡುತ್ತಾರೆ, ಕೇಳಿದ್ದೀಯಲ್ಲ. ‘ಬೆಸ್ಟ್ ಮಿಡಿ’ ಎಂದು ಯಾರೂ ಹೇಳುವುದಿಲ್ಲ. ಹೊಳೆ ಅಂಚಿನ ಆ ಮರದ್ದು, ಸೊನೆಗೆ ಜೀರಿಗೆ ವಾಸನೆ, ಉಪ್ಪಿನಲ್ಲಿ ಎರಡು ವರ್ಷವಾದರೂ ಮೆತ್ತಗಾಗದು ಎನ್ನುತ್ತಾರೆ. ಕೇಳಿದವನ ಬಾಯಲ್ಲಿ ನೀರೂರುತ್ತದೆ, ತನಗೆ ಬೇಕೋ ಬೇಡವೋ ಎಂದು ಅವನೇ ತೀರ್ಮಾನ ಮಾಡುತ್ತಾನೆ.

ನೀನೀಗ ಕೇಳುತ್ತೀಯ, "ಹಾಗೆಲ್ಲ ಹೇಳಿದರೆ ಸ್ಪಾಯ್ಲರ್ ಆಗಲ್ವಾ ಅಜ್ಜಿ?" ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಲು ರಾತ್ರಿಯಿಡೀ ಕೂತವರಿಗೆ ಕೀಚಕ ಸಾಯುತ್ತಾನೆಂದು ಗೊತ್ತಿರಲಿಲ್ಲವೇ? ಸಾಯುವ ಮುಂಚೆ ಅವನು ಹೇಗೆ ಕುಣಿಯುತ್ತಾನೆ, ಸೈರಂಧ್ರಿಯ ಎದುರು ಹೇಗೆ ಕರಗುತ್ತಾನೆ ಎಂದು ನೋಡಲು ಹೋದವರು ಅವರು. ಗಟ್ಟಿ ಕೃತಿ ಕಥೆ ಗೊತ್ತಾದರೆ ಹಳಸುವುದಿಲ್ಲ. ಹಾಗೆಂದು ಪತ್ತೇದಾರಿ ಗಂಟನ್ನು ಮೊದಲೇ ಬಿಚ್ಚಿ ಇನ್ನೊಬ್ಬರ ಕುತೂಹಲಕ್ಕೆ ಕಲ್ಲು ಹಾಕಬೇಡ. ಒಂದು ಕಂತಿನ ಒಂದು ದೃಶ್ಯ ಹೇಳು, ಸಾಕು.

ಇನ್ನು ನಿಮ್ಮ ಬಾಯಲ್ಲಿ ಉರುಳಾಡುವ ಆ ‘ಮೆಚ್ಯೂರ್’ ಎಂಬ ಪದ. ಮೊಮ್ಮಗನ ಗೆಳೆಯರು ಮನೆಗೆ ಬಂದಾಗ ಕಿವಿಗೊಟ್ಟು ಕೇಳಿದೆ. ರಕ್ತ ಎಷ್ಟಿದೆ, ತಲೆ ಎಷ್ಟು ಒಡೆಯುತ್ತದೆ, ಕೊನೆಗೆ ಎಲ್ಲರೂ ಸಾಯುತ್ತಾರೋ ಇಲ್ಲವೋ, ಇದರ ಮೇಲೆ ಪ್ರೌಢತೆಯ ಅಳತೆ. 1988ರ ‘ಅಕಿರಾ’ದಲ್ಲಿ ನಿಮಗೆ ಕಂಡದ್ದು ಕೆಂಪು ಬೈಕು. ಆ ಬೈಕು ಓಡುವ ಊರಿನಲ್ಲಿ ಅಪ್ಪ ಅಮ್ಮ ಎಂಬವರೇ ಕಾಣುವುದಿಲ್ಲವಲ್ಲ, ಆ ಹುಡುಗರಿಗೆ ಅನ್ನ ಹಾಕಿದವರು ಯಾರು ಎಂದು ಒಬ್ಬರಾದರೂ ಕೇಳಿದಿರಾ?

ನನ್ನ ಮಟ್ಟಿಗೆ ನೀವು ತೋರಿಸಿದ್ದರಲ್ಲಿ ಎಲ್ಲಕ್ಕಿಂತ ಪ್ರೌಢವಾದದ್ದು ‘ಪ್ಲಾನೆಟೀಸ್’. ಯುಕಿಮುರಾ ಮಕೋಟೊ ಅವರ ಮಾಂಗಾದಿಂದ ಮಾಡಿದ್ದು, 2003-04ರಲ್ಲಿ ಬಂದದ್ದು, 26 ಕಂತು. ಅದರ ನಾಯಕರು ಕಸ ಹೆಕ್ಕುವವರು. ಇಸವಿ 2075, ಭೂಮಿಯ ಸುತ್ತ ತಿರುಗುವ ಹಳೇ ಉಪಗ್ರಹದ ಚೂರು, ಬೋಲ್ಟು, ಬಣ್ಣದ ಹಕ್ಕಳೆ ಇವನ್ನು ಬಾಚುವ ಕೆಲಸ. ಕಂಪನಿಯಲ್ಲಿ ಅವರ ವಿಭಾಗಕ್ಕೆ ಮರ್ಯಾದೆಯೂ ಇಲ್ಲ, ಸರಿಯಾದ ಜನವೂ ಇಲ್ಲ. ಅವರಲ್ಲಿ ಯೂರಿ ಎಂಬವನಿದ್ದಾನೆ, ಹೆಚ್ಚು ಮಾತಿಲ್ಲ. ಅವನ ಹೆಂಡತಿ ಸತ್ತದ್ದು ಅವರು ಕೂತಿದ್ದ ಬಾಹ್ಯಾಕಾಶ ನೌಕೆಯ ಕಿಟಕಿಗೆ ಒಂದು ಸ್ಕ್ರೂ ಬಡಿದು. ಒಂದೇ ಒಂದು ಸ್ಕ್ರೂ. ಅವಳ ಹತ್ತಿರ ಒಂದು ದಿಕ್ಸೂಚಿ ಇತ್ತು, ಆ ಕಸದಲ್ಲಿ ಎಲ್ಲೋ ಅದೂ ತಿರುಗುತ್ತಿರಬೇಕು ಎಂದು ಅವನು ವರ್ಷಗಟ್ಟಲೆ ಹುಡುಕುತ್ತಾನೆ.

"ಒಂದು ಸ್ಕ್ರೂಗೆ ಅಷ್ಟು ಶಕ್ತಿ ಇರುತ್ತಾ?" ಎಂದು ಹುಡುಗ ಕೇಳಿದ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳನ್ನು ಕೇಳಿದರೆ ಬಿಡುತ್ತೇನೆಯೇ? ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ತಿರುಗುವ ವಸ್ತುವಿನ ವೇಗ ಸೆಕೆಂಡಿಗೆ ಏಳೆಂಟು ಕಿಲೋಮೀಟರು. ಸಾಗರದಲ್ಲಿ ಚಪ್ಪಾಳೆ ತಟ್ಟಿದೆ ಎಂದುಕೋ, ಇನ್ನೊಂದು ಚಪ್ಪಾಳೆ ತಟ್ಟುವುದರೊಳಗೆ ಆ ಸ್ಕ್ರೂ ಹೆಗ್ಗೋಡು ಮುಟ್ಟಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಎದುರಿನಿಂದಲೂ ಅದೇ ವೇಗದಲ್ಲಿ ಇನ್ನೊಂದು ಬಂದರೆ ಏನಾಗುತ್ತದೆ, ನೀನೇ ಲೆಕ್ಕ ಹಾಕು. ಒಳ್ಳೆಯ ವೈಜ್ಞಾನಿಕ ಕಥೆ ಎಂದರೆ ಹೀಗೆ, ಭೌತಶಾಸ್ತ್ರದ ಒಂದು ಸೂತ್ರ ಒಬ್ಬನ ಮನೆಗೆ ಹೊಕ್ಕು ಅವನ ಸಂಸಾರ ಒಡೆಯುತ್ತದೆ.

ಅದೇ ಸರಣಿಯಲ್ಲಿ ಒಬ್ಬ ಬಡ ದೇಶದ ಎಂಜಿನಿಯರ್ ಬರುತ್ತಾನೆ, ತನ್ನೂರಿನ ಚಿಕ್ಕ ವರ್ಕ್‌ಶಾಪಿನಲ್ಲಿ ಮಾಡಿದ ಬಾಹ್ಯಾಕಾಶದ ಉಡುಪು ಹಿಡಿದುಕೊಂಡು. ಒಮ್ಮೆ ಪರೀಕ್ಷೆ ಮಾಡಿ ನೋಡಿ ಎಂದು ದೊಡ್ಡ ಕಂಪನಿಯ ಬಾಗಿಲು ತಟ್ಟುತ್ತಾನೆ. ಆ ಕಂತು ಮುಗಿದ ಮೇಲೆ ಮೊಮ್ಮಗ ಸುಮ್ಮನೆ ಕೂತಿದ್ದ. ನಾನೂ ಸುಮ್ಮನಿದ್ದೆ. ಮುಂದಿನ ಕಾಲ ಎಂಬುದು ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ, ಬಂದರೂ ಅದರ ಬಾಬ್ತು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ಇದನ್ನು ಕೇಳುವ ಕೃತಿಯನ್ನೇ ನಾನು ಪ್ರೌಢ ಎನ್ನುವುದು.

ಇದು ನನಗೆ ಪುಸ್ತಕದಿಂದ ಬಂದ ತಿಳುವಳಿಕೆ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೇ ಕ್ಲಾಸಿಗೆ ಜಲವಿದ್ಯುತ್ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಲಿಂಗನಮಕ್ಕಿ ಬರೆದೆ. ಪೂರ್ಣ ಮಟ್ಟ 1819 ಅಡಿ, 1964ರಲ್ಲಿ ಕಟ್ಟಿದ್ದು, ಆ ನೀರಿನಿಂದ ಶರಾವತಿ ವಿದ್ಯುದಾಗಾರದ ಯಂತ್ರಗಳು ತಿರುಗಿ ನಾಡಿಗೆಲ್ಲ ಬೆಳಕು, ಎಂದು ಹುರುಪಿನಿಂದ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ನಮ್ಮನೆ ಅದರ ಅಡಿಗಿದೆ, ಅಕ್ಕೋರೆ" ಎಂದ. ಅಷ್ಟೇ ಹೇಳಿ ಕೂತ. ಅವರ ಹೊಸ ಊರಿನ ಮನೆಗೆ ಆಗ ಇನ್ನೂ ಕರೆಂಟು ಬಂದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಕ್ಕಳಿಗೆ ಅಂಕಿ ಕೊಟ್ಟಿದ್ದೆ, ನೀರಿನ ಅಡಿಯಲ್ಲಿ ಏನಿದೆ ಎಂದು ನಾನೇ ಕೇಳಿಕೊಂಡಿರಲಿಲ್ಲ. ಆ ಹುಡುಗನ ಮುಖ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೇ ‘ಪಾಟ್‌ಲೇಬರ್’ ಚಿತ್ರ ನನ್ನನ್ನು ಅಷ್ಟು ಕಲಕಿದ್ದು. 1989ರದ್ದು, ಒಶಿಯಿ ಮಾಮೊರು ನಿರ್ದೇಶನ. ಟೋಕಿಯೋ ಕೊಲ್ಲಿಗೆ ಮಣ್ಣು ತುಂಬಿ ಹೊಸ ನೆಲ ಮಾಡುತ್ತಿದ್ದಾರೆ, ಕೆಲಸಕ್ಕೆ ಮನುಷ್ಯ ಕೂತು ನಡೆಸುವ ದೈತ್ಯ ಯಂತ್ರಗಳು. ನಿಮಗೆ ಇಷ್ಟವಾದದ್ದು ಆ ಯಂತ್ರಗಳ ಕಾದಾಟ, ಸರಿ. ನಡುವೆ ಒಬ್ಬ ಪತ್ತೇದಾರ ಬೆವರು ಒರೆಸಿಕೊಳ್ಳುತ್ತ ಹಳೇ ಟೋಕಿಯೋದ ಓಣಿಗಳಲ್ಲಿ ಅಲೆಯುತ್ತಾನೆ, ನೆನಪಿದೆಯಾ? ಜನ ಬಿಟ್ಟು ಹೋದ ಮರದ ಮನೆಗಳು, ಮುರಿದ ಬಾಗಿಲು, ಹಿಂದೆ ಗಾಜಿನ ಎತ್ತರದ ಕಟ್ಟಡ. ಮಾತೇ ಇಲ್ಲ. "ಇಲ್ಲಿ ಬೋರ್ ಆಗುತ್ತೆ, ಓಡಿಸ್ತೀನಿ" ಎಂದು ಹುಡುಗ ಬೆರಳು ಎತ್ತಿದ. ನಾನು ಕೈ ಹಿಡಿದೆ. ಇಡೀ ಚಿತ್ರ ಅಲ್ಲಿಯೇ ಇದೆ ಮಾರಾಯ. ಕೆಡವಿದ ಊರಿನ ಲೆಕ್ಕ ಯಾರು ಇಡುತ್ತಾರೆ ಎಂದು ಆ ಓಣಿಗಳು ಕೇಳುತ್ತಿವೆ.

ನೀರು ತೀರಾ ಇಳಿದ ಒಂದು ಬೇಸಿಗೆಯಲ್ಲಿ ಅವನನ್ನು ಮಡೇನೂರಿನ ಕಡೆಗೆ ಕರೆದುಕೊಂಡು ಹೋಗಿದ್ದೆ. ಜೋಗದಲ್ಲಿ 1948ರಲ್ಲಿ ವಿದ್ಯುತ್ ಶುರುವಾದ ಕಾಲದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿದೆ. ಲಿಂಗನಮಕ್ಕಿ ಬಂದ ಮೇಲೆ ಅಣೆಕಟ್ಟೇ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೀರು ಇಳಿದಾಗ ಅದರ ಸೈಫನ್‌ಗಳ ದುಂಡನೆಯ ತಲೆಗಳು ಸಾಲಾಗಿ ಮೇಲೇಳುತ್ತವೆ, ಗಣೇಶ ಅಯ್ಯರ್ ಎಂಬ ನಮ್ಮ ಮೈಸೂರು ಸೀಮೆಯ ಎಂಜಿನಿಯರ್ ಯೋಚಿಸಿದ ವಿನ್ಯಾಸ. ಸುತ್ತ ಒಡೆದ ಕೆಸರು, ಕರಿ ಬೊಡ್ಡೆ, ನಡುವೆ ಆ ಕಲ್ಲಿನ ಸಾಲು. ಹುಡುಗ ಒಂದು ಗಂಟೆ ಮಾತಾಡಲಿಲ್ಲ. "ಅಜ್ಜಿ, ಇದು ಅನಿಮೆ ಥರಾನೇ ಇದೆ" ಎಂದ ಕೊನೆಗೆ. ಇಲ್ಲ ಮಗಾ, ಇದು ಮೊದಲು. ಇಂಥದ್ದನ್ನು ಕಂಡವರು ಅದನ್ನು ಬರೆದರು.

ಆದ್ದರಿಂದ ವೇಗ ಹೆಚ್ಚಿಸಿ ನೋಡಬೇಡ. 1995ರ ‘ಘೋಸ್ಟ್ ಇನ್ ದ ಶೆಲ್’ನಲ್ಲಿ ಮೂರು ನಿಮಿಷ ಬರೀ ಕಾಲುವೆ, ಮಳೆ, ಕೊಡೆ ಹಿಡಿದ ಮಕ್ಕಳು. ಮಿದುಳೊಂದು ಬಿಟ್ಟು ಮೈಯೆಲ್ಲ ಯಂತ್ರವಾದ ನಾಯಕಿ ದೋಣಿಯಲ್ಲಿ ಹೋಗುತ್ತ ಕಿಟಕಿಯಾಚೆ ತನ್ನದೇ ಮುಖದ ಇನ್ನೊಬ್ಬಳನ್ನು ಕಾಣುತ್ತಾಳೆ. ಮಲೆನಾಡಿನಲ್ಲಿ ಹುಟ್ಟಿ ಮಳೆಯನ್ನು ಓಡಿಸಿ ನೋಡುವವನಿಗೆ ಏನು ಹೇಳಲಿ!

ಶಿಫಾರಸಿನ ಬಗ್ಗೆ ಒಂದು ಮಾತು ಉಳಿದಿದೆ, ಇದು ಸ್ವಲ್ಪ ಖಾರ. ಮೊಮ್ಮಗನ ಜೊತೆ ಓದುವ ಒಬ್ಬಳು ಹುಡುಗಿ, ರಿಪ್ಪನ್‌ಪೇಟೆ ಕಡೆಯವಳು. ಅವಳ ಅಮ್ಮ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮನಸ್ಸಿಗೆ ಬೇರೆ ಏನಾದರೂ ಬೇಕು ಎಂದಳಂತೆ. ಇವನು ‘ಇವಾಂಜೆಲಿಯನ್’ ನೋಡು ಎಂದ. ಮೇಲಿಂದ, "ಅಳು ಬರದಿದ್ದರೆ ನೀನು ಮನುಷ್ಯಳೇ ಅಲ್ಲ" ಎಂದೂ ಬರೆದ. ತಾಯಿ ಇಲ್ಲದ ಹುಡುಗ, ಮಾತಾಡಿಸದ ಅಪ್ಪ, ಯಂತ್ರದೊಳಗೆ ಕರಗಿಹೋದ ತಾಯಿ. ಅದರ ತಿರುಳೇ ಅದು! ಅವಳು ಹದಿನೈದು ದಿನ ಇವನ ಜೊತೆ ಮಾತಾಡಲಿಲ್ಲ. ಇವನಿಗೆ ಕಾರಣವೇ ಹೊಳೆಯಲಿಲ್ಲ. "ಅದು ಕ್ಲಾಸಿಕ್ ಅಲ್ವಾ ಅಜ್ಜಿ?" ಎಂದ.

ಹಲಸಿನ ಹಣ್ಣೂ ಚೆನ್ನಾಗಿರುತ್ತದೆ, ಜ್ವರ ಬಿಟ್ಟು ಎದ್ದವರಿಗೆ ಯಾರಾದರೂ ಕೊಡುತ್ತಾರೆಯೇ? ಅವತ್ತು ಅವನನ್ನು ಚೆನ್ನಾಗಿಯೇ ಗದರಿದೆ. ಆಮೇಲೆ ಇಬ್ಬರೂ ಕೂತು ಯೋಚಿಸಿದೆವು. ಅವಳ ಅಮ್ಮ ಹೊಲಿಗೆ ಮಾಡುತ್ತಿದ್ದವರು, ಅವಳಿಗೂ ಕೈಕೆಲಸ ಇಷ್ಟ, ದುಃಖ ಬಂದಾಗ ಸುಮ್ಮನೆ ಕೆಲಸ ಮಾಡುವ ಸ್ವಭಾವ. ‘ಪ್ಲಾನೆಟೀಸ್’ನ ಮೊದಲ ಕಂತು ನೋಡು, ಕಸ ಹೆಕ್ಕುವವರ ಕಥೆ, ಮುಂದೆ ಒಂದು ಸಾವಿನ ವಿಷಯ ಬರುತ್ತದೆ, ಬೇಡ ಅನ್ನಿಸಿದರೆ ಅಲ್ಲಿಗೇ ಬಿಡು ಎಂದು ಕ್ಷಮೆ ಕೇಳಿ ಬರೆದ. ಅವಳು ನಿಧಾನವಾಗಿ ನೋಡಿದಳಂತೆ. ಯೂರಿಯ ದಿಕ್ಸೂಚಿಯ ಬಗ್ಗೆ ಅವಳು ಬರೆದ ನಾಲ್ಕು ಸಾಲನ್ನು ಇವನು ನನಗೆ ಓದಿ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು.

ಬಡಿಸುವವರು ಎಲೆ ನೋಡಿ ಬಡಿಸುತ್ತಾರಲ್ಲ, ಹಾಗೆ ಕೊಡು. ಅವರಿಗೆ ಹಿಡಿಸಲಿಲ್ಲ ಎಂದರೆ ಮುಖ ಊದಿಸಿಕೊಳ್ಳಬೇಡ. "ನಿಂಗೆ ಅರ್ಥ ಆಗಲ್ಲ ಬಿಡು" ಎಂಬ ಮಾತು ನಿನ್ನ ಬಾಯಿಂದ ಇನ್ನೊಮ್ಮೆ ಬರಕೂಡದು. ಅದನ್ನು ಅನ್ನುವವನಿಗೆ ಬಹಳ ಸಲ ತನಗೇ ಅರ್ಥವಾಗಿರುವುದಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಕೇಳು. ನೀನು ನೋಡದ ಕೊಡಲಿಯನ್ನು ಅವರು ನೋಡಿರಬಹುದು.

ಮತ್ತೆ, ಕನ್ನಡದಲ್ಲಿ ಹೇಳು. ಜಪಾನಿ ಮಾತು, ಇಂಗ್ಲಿಷ್ ಅಡಿಬರಹ, ನಿನ್ನ ಅಭಿಪ್ರಾಯವೂ ಇಂಗ್ಲಿಷಿನ ನಾಲ್ಕು ಸವಕಲು ಪದ. ನಡುವೆ ನೀನೆಲ್ಲಿದ್ದೀಯ? ನನ್ನ ಕಣ್ಣು ಕತ್ತಿಯ ಮೇಲಿದ್ದದ್ದರಿಂದ ಮೊಮ್ಮಗ ‘ಪ್ಲಾನೆಟೀಸ್’ನ ಇಪ್ಪತ್ತಾರು ಕಂತನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕಾಯಿತು. ಮೊದಲ ದಿನ ತೊದಲಿದ. ನಾಲ್ಕನೇ ದಿನಕ್ಕೆ ಪಾತ್ರಕ್ಕೊಂದು ದನಿ ಬಂತು. ಹತ್ತನೇ ದಿನ ನಮ್ಮ ಜೊತೆ ಸುಲಿಯಲು ಬಂದ ಹೆಂಗಸರು ಕೈ ನಿಲ್ಲಿಸಿ, "ಆ ಯೂರಿಗೆ ದಿಕ್ಸೂಚಿ ಸಿಕ್ತನಾ?" ಎಂದು ಕೇಳಿದರು. ತಾಳಮದ್ದಳೆಯ ಅರ್ಥಧಾರಿಯ ಹಾಗೆ ಅವನೇ ಒಂದೆರಡು ಮಾತು ಸೇರಿಸಿದ್ದೂ ನನಗೆ ಗೊತ್ತಾಯಿತು. ನಾನು ತಡೆಯಲಿಲ್ಲ.

ಈ ಸಲದ ಕೊಯ್ಲು ಶುರುವಾಗುವುದಕ್ಕೆ ಇನ್ನು ಹೆಚ್ಚು ದಿನವಿಲ್ಲ. ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’ ಎಂಬುದು ಒಂದಿದೆಯಂತೆ, 1988ರಿಂದ 1997ರವರೆಗೆ ಬಂದದ್ದು, 110 ಕಂತು. ಅಡಿಕೆಯೂ ಅಷ್ಟಿದೆ. ಹೊಸನಗರದವಳೂ ತೀರ್ಥಹಳ್ಳಿಯವನೂ ಬರುತ್ತೇವೆ ಎಂದಿದ್ದಾರೆ, ಎರಡು ಮೆಟ್ಟುಗತ್ತಿ ಹೆಚ್ಚಿಗೆ ಸಾಣೆ ಹಿಡಿಸಿಟ್ಟಿದ್ದೇನೆ. ನೀನೂ ಬಾ. ಬರುವಾಗ ಮೊಬೈಲಿನ ಚಾರ್ಜರ್ ತಾ, ನಮ್ಮಲ್ಲಿ ಸಂಜೆ ಕರೆಂಟು ಹೋಗುತ್ತದೆ. ಹೋದಾಗ ನೀನು ಅಲ್ಲಿಂದ ಮುಂದೆ ಬಾಯಲ್ಲಿ ಹೇಳು.